ಕಾರಣ ತಿಳಿದುಬಂದಿಲ್ಲ

ಒಂದು ಕಿಲೋ ಹಳೆಯ ಹಿತ್ತಾಳೆಗೆ ನಾನು ನೂರ ಎಪ್ಪತ್ತು ರೂಪಾಯಿ ಕೊಟ್ಟೆ. ಅಂದಿನ ಗುಜರಿ ರೇಟಿನಲ್ಲಿ ಅದಕ್ಕೆ ಮೂವತ್ತೂ ಹೆಚ್ಚು. ಹರಾಜಿನಲ್ಲಿ ನನ್ನ ಎದುರು ಕೂಗುತ್ತಿದ್ದ ಹೊನ್ನಾಳಿಯ ಗುಜರಿ ವ್ಯಾಪಾರಿ ಕಡೆಗೆ ಸುಸ್ತಾಗಿ, "ಯಾಕಣ್ಣಾ, ಬಂಗಾರ ಗಿಂಗಾರ ಐತೇನು ಅದರಾಗೆ?" ಎಂದು ಕೇಳಿದ. ಇಲ್ಲ ಎಂದೆ. ಅದು ಸರಕಾರದ ತೂಕದ ಕಲ್ಲು. ಕಲ್ಲು ಎನ್ನುವುದು ರೂಢಿ, ಮಾಲು ಹಿತ್ತಾಳೆಯದು. ತೂಕ ಕಮ್ಮಿ ಬಂದಿದ್ದರಿಂದ ಅದನ್ನು ಕೆಲಸದಿಂದ ತೆಗೆದು ಹರಾಜಿಗೆ ಹಾಕಿದ್ದರು. ಕಮ್ಮಿ ಬರಲು ಅರ್ಧ ಕಾರಣ ನಾನು. ಅದಕ್ಕೇ ಅಷ್ಟು ಕೊಟ್ಟೆ.

ಆ ಕಲ್ಲನ್ನು ಹತ್ತು ವರ್ಷ ಕಾಪಾಡಿಕೊಂಡು ಬಂದವರು ನಮ್ಮ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರು. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ವ್ಯಾಪಾರಿಗಳ ಕೈಯಿಂದ ಒಂದು ಎಲೆಯಡಿಕೆ ಕೂಡ ಇಸಿದುಕೊಂಡವರಲ್ಲ, ಸತ್ತ ಮೇಲೆ ಹೊಗಳಿಕೆ ಇಸಿದುಕೊಳ್ಳುತ್ತಾರೆಯೇ?

ಮೊದಲು ನೋಡಿದ್ದು ಜಗಳೂರಿನಲ್ಲಿ, ಎಪ್ಪತ್ತರ ದಶಕದ ಮೊದಲಲ್ಲಿ. ನಾನು ಬಸ್‌ಸ್ಟ್ಯಾಂಡಿನ ಮುಂದೆ ಹುರಿದ ಶೇಂಗಾ ಮಾರುತ್ತಿದ್ದೆ. ತೂಕದ ಕಲ್ಲುಗಳ ತಳದಲ್ಲಿ ಒಂದು ಕುಳಿ ಇರುತ್ತದೆ, ತೂಕ ಸರಿಹೊಂದಿಸಲು ಅದರಲ್ಲಿ ಸೀಸ ತುಂಬಿ ಮೇಲೆ ಸರಕಾರದ ಮುದ್ರೆ ಒತ್ತಿರುತ್ತಾರೆ. ನನ್ನ ಅರ್ಧ ಕಿಲೋ ಕಲ್ಲಿನ ಸೀಸವನ್ನು ನಾನೇ ಕೆರೆದು ತೆಗೆದಿದ್ದೆ. ಅವರು ಕಲ್ಲನ್ನು ತಿರುವಿ ಹಾಕಿ ಕುಳಿಯೊಳಗೆ ಕಿರುಬೆರಳು ಇಟ್ಟರು.

"ಏನಪ್ಪಾ, ಇಲ್ಲಿದ್ದ ಸೀಸ ಎಲ್ಲಿ ಹೋತು?"

"ಸವೆದಿರಬೇಕ್ರಿ ಸಾಹೇಬ್ರೇ."

"ಹೊರಗಿನ ಕಬ್ಬಿಣ ಸವೀಲಿಲ್ಲ, ಒಳಗಿನ ಸೀಸ ಸವೀತು. ಇಂಥದೇ ಒಂದು ವಿಚಿತ್ರ ಸೂರ್ಯನಾಗೂ ಐತೆ. ಒಲೆಯಿಂದ ದೂರ ಸರಿದ್ರೆ ನಮಗೆ ಕಾವು ಕಮ್ಮಿ ಆಗತೈತಲ್ಲ? ಅಲ್ಲಿ ಸೂರ್ಯನ ಮೈಗಿಂತ ಅದರ ಸುತ್ತಲಿನ ಗಾಳಿನೇ ಎಷ್ಟೋ ಪಟ್ಟು ಬಿಸಿ. ಯಾಕೆ ಅಂತ ಪ್ರಪಂಚದಾಗೆ ಯಾರಿಗೂ ಗೊತ್ತಿಲ್ಲ. ಆದ್ರೆ ನಿನ್ನ ಸೀಸ ಯಾಕೆ ಹೋತು ಅಂತ ನನಗೆ ಗೊತ್ತು."

ದಂಡದ ಪುಸ್ತಕ ತೆಗೆದರು. ನಾನು ಬಿಡುವವನೇ? ಅರ್ಧ ಮಾಡ್ರಿ ಎಂದೆ, ಕಾಲು ಮಾಡ್ರಿ ಎಂದೆ, ಹೊಸ ವ್ಯಾಪಾರ ಎಂದೆ. ಎಲ್ಲವನ್ನೂ ಕೇಳಿಸಿಕೊಂಡು, ಪೂರ್ತಿ ದಂಡ ಬರೆದು, ರಸೀದಿ ಹರಿದು ಕೊಟ್ಟರು.

"ಬೆಲೆಯಾಗೆ ಎಷ್ಟು ಬೇಕಾದ್ರೂ ಚೌಕಾಶಿ ಮಾಡಪ್ಪ, ಅದು ನಿನ್ನ ಜಾಣತನ. ತೂಕದಾಗೆ ಮಾಡಬ್ಯಾಡ."

ಆಮೇಲೆ ತಮ್ಮ ಪೆಟ್ಟಿಗೆಯ ಕಲ್ಲಿನಿಂದಲೇ ಕಾಲು ಕಿಲೋ ಶೇಂಗಾ ತೂಗಿಸಿ, ದುಡ್ಡು ಕೊಟ್ಟು, ಪಕ್ಕದ ಕಟ್ಟೆಯ ಮೇಲೆ ಕೂತು ತಿಂದರು. ಅಂದಿನಿಂದ ನಾನು ತೂಕದ ತಂಟೆಗೆ ಹೋಗಿಲ್ಲ. ಸಾಚಾ ಆದೆ ಎನ್ನುವುದಿಲ್ಲ. ಬೆಲೆಯಲ್ಲಿ ಜಾಗ ಬೇಕಾದಷ್ಟಿತ್ತು.

ಕೆಲವು ವರ್ಷಗಳ ನಂತರ ಅವರಿಗೆ ಚನ್ನಗಿರಿಗೆ ವರ್ಗವಾಯಿತು. ನಾನೂ ಅಷ್ಟರಲ್ಲಿ ಕೈಗೆ ನಾಲ್ಕು ಕಾಸು ಹತ್ತಿ ಚನ್ನಗಿರಿಯಲ್ಲಿ ಕಿರಾಣಿ ಅಂಗಡಿ ಹಾಕಿದ್ದೆ. ಹೊನ್ನಾಳಿ, ನ್ಯಾಮತಿಯ ಸಂತೆಗಳೂ ಅವರ ಸುತ್ತಿನಲ್ಲಿ ಬರುತ್ತಿದ್ದವು, ನನ್ನ ಸುತ್ತಿನಲ್ಲಿಯೂ. ಸೀಲು ಹೊಡೆಯುವ ಕ್ಯಾಂಪಿನ ದಿನ ಊರಿನ ವ್ಯಾಪಾರಿಗಳೆಲ್ಲ ಗೋಣಿಚೀಲದಲ್ಲಿ ಕಲ್ಲು ಹೊತ್ತು ಬರುತ್ತಿದ್ದರು. ಅವರ ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ, ಅದರೊಳಗೆ ಕೆಂಪು ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ಕಲ್ಲುಗಳು. ನಮ್ಮ ಕಲ್ಲುಗಳೆಲ್ಲ ಅವಕ್ಕೆ ತಾಳೆಯಾಗಬೇಕು. ಅವನ್ನು ಅವರು ಬರಿಗೈಯಲ್ಲಿ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಮೆತ್ತನೆಯ ಚರ್ಮದ ತುಂಡಿನಿಂದ ಹಿಡಿದೆತ್ತಿ, ಅದರಿಂದಲೇ ಇಳಿಸುತ್ತಿದ್ದರು. "ಕೈ ಜಿಡ್ಡಿಗೂ ತೂಕ ಐತೆ" ಎನ್ನುತ್ತಿದ್ದರು. ಸೀಲಿನ ಸುತ್ತಿಗೆ ಮಾತ್ರ ಒಂದೇ ಏಟು. ಎರಡನೆಯದು ಬೇಕಾದದ್ದನ್ನು ನಾನು ನೋಡಿರಲಿಲ್ಲ.

ಶಿವಮೊಗ್ಗಕ್ಕೆ ಹೋದಾಗ ರದ್ದಿ ಅಂಗಡಿಯಲ್ಲಿ ಇಂಗ್ಲಿಷಿನ ವಿಜ್ಞಾನದ ಪತ್ರಿಕೆಗಳನ್ನು ಕಿಲೋ ಲೆಕ್ಕದಲ್ಲಿ ತರುತ್ತಿದ್ದರು. ಓದಿದ್ದನ್ನು ಕ್ಯಾಂಪಿನಲ್ಲಿ ಹೇಳುತ್ತಿದ್ದರು. ಹೊನ್ನಾಳಿಯ ಬೆಲ್ಲದ ವ್ಯಾಪಾರಿಯೊಬ್ಬ ಇವರನ್ನು ಕೆಣಕುವುದಕ್ಕೆಂದೇ ಬರುತ್ತಿದ್ದ.

"ಸಾಹೇಬ್ರೇ, ಆಕಾಶದಾಗೂ ತೂಕದ ಮೋಸ ಸಿಕ್ಕೈತಂತಲ್ಲ. ಯಾವ ಸಾವ್ಕಾರ್ರ ಅಂಗಡಿ ಅದು?"

ಅವರು ನಗಲಿಲ್ಲ. ಅವನ ಚೀಲದಿಂದಲೇ ಒಂದು ಬೆಲ್ಲದ ಉಂಡೆ ತೆಗೆಸಿ, ಗೋಣಿದಾರ ಕಟ್ಟಿಸಿ, ಗಿರಗಿರನೆ ತಿರುಗಿಸಲು ಹೇಳಿದರು.

"ಇನ್ನೂ ಜೋರಾಗಿ ತಿರುಗಿಸಿದ್ರೆ?"

"ದಾರ ಕಿತ್ಕೊಂಡು ಹೋಗಿ ಇವನ ತಲೆಗೆ ಬೀಳತೈತೆ" ಎಂದು ನನ್ನನ್ನು ತೋರಿಸಿದ.

"ಹಂಗೆ ನಕ್ಷತ್ರಗಳೂ ಗುಂಪುಕಟ್ಟಿಕೊಂಡು ತಿರುಗತಾವೆ. ನಡುವೆ ಇರೋ ತೂಕವೇ ಅವಕ್ಕೆ ದಾರ. ಈಗ ಲೆಕ್ಕ ಹಾಕಿ ನೋಡಿದ್ರೆ ಅಂಚಿನಾಗಿನ ನಕ್ಷತ್ರಗಳು ವಿಪರೀತ ಜೋರಾಗಿ ಓಡತಾವೆ. ಕಣ್ಣಿಗೆ ಕಾಣೋ ತೂಕ ಅವನ್ನ ಹಿಡಿಯಾಕೆ ಸಾಲಂಗಿಲ್ಲ. ಎಂದೋ ಕಿತ್ಕೊಂಡು ಹೋಗಬೇಕಿತ್ತು, ಹೋಗಿಲ್ಲ. ಹಂಗಾದ್ರೆ ಕಾಣದೇ ಇರೋ ತೂಕ ಅಲ್ಲಿ ಏನೋ ಐತೆ. ಏನು ಅಂತ ಗೊತ್ತಿಲ್ಲ."

"ತಕ್ಕಡಿ ತಟ್ಟೆ ಅಡಿಗೆ ಮೇಣ ಮೆತ್ತಿರಬೇಕು ನೋಡ್ರಿ" ಎಂದೆ ನಾನು. ಎಲ್ಲರೂ ನಕ್ಕರು. ಅವರು ಮಾತ್ರ, "ನೀನು ಹೇಳಿದ್ದೂ ಒಂದು ಊಹೆನೇ. ದೊಡ್ಡ ದೊಡ್ಡವರದೂ ಅದಕ್ಕಿಂತ ಮುಂದೆ ಹೋಗಿಲ್ಲ" ಎಂದರು.

ನ್ಯಾಮತಿಯಲ್ಲಿ ಸೊಪ್ಪು ಮಾರುವ ಅಜ್ಜಿ ಒಮ್ಮೆ ಅವರನ್ನು ಹಿಡಿದು ನಿಲ್ಲಿಸಿದಳು. "ನಮ್ಮ ಕಲ್ಲಿಗೆ ನೀವು ಸೀಲು ಹೊಡಿತೀರಿ. ನಿಮ್ಮ ಕಲ್ಲಿಗೆ ಯಾರಪ್ಪ?"

"ಮೇಲಿನ ಆಫೀಸಿನ ಕಲ್ಲು, ಅಜ್ಜಿ."

"ಅದಕ್ಕೆ?"

"ಡೆಲ್ಲಿದು. ಡೆಲ್ಲಿದಕ್ಕೆ ಪ್ಯಾರಿಸ್ ಅನ್ನೋ ಊರ ಹತ್ರ ಒಂದು ಐತೆ. ಗಾಜಿನ ಬುರುಡೆ ಮೇಲೆ ಬುರುಡೆ ಕವುಚಿ ನೆಲಮಾಳಿಗ್ಯಾಗೆ ಇಟ್ಟಿದಾರೆ."

"ಅದಕ್ಕೆ?"

"ಅದಕ್ಕೆ ಮ್ಯಾಲೆ ಯಾರೂ ಇಲ್ಲ."

"ಹಂಗಾರೆ ಅದೇ ಸವೆದ್ರೆ?"

ಅವರು ಸುತ್ತಿಗೆ ಕೆಳಗಿಟ್ಟರು. "ಅದೇ ಅಜ್ಜಿ ಬೇನೆ. ಅದರ ಜತೆಗೆ ಅದೇ ಲೋಹದಾಗೆ ಮಾಡಿದ ತಮ್ಮಂದಿರು ಅದಾರೆ. ಹಿಂದೊಮ್ಮೆ ಅಣ್ಣತಮ್ಮಂದಿರನ್ನ ತೂಗಿ ನೋಡಿದ್ರು. ಕೂದಲೆಳೆಯಷ್ಟು ತಾಳೆ ಬರಲಿಲ್ಲ. ಅಣ್ಣ ಇಳಿದನೋ, ತಮ್ಮಂದಿರು ಏರಿದರೋ, ತಿಳೀಲಿಲ್ಲ."

"ಅಣ್ಣನೇ ಇಳಿದಿರ್ತಾನೆ ಬಿಡು. ಹಿರೇಮಗ ಅಲ್ಲವಾ" ಎಂದು ಅಜ್ಜಿ ಕಲ್ಲು ಎತ್ತಿಕೊಂಡು ಹೋದಳು. ಈ ಮಾತನ್ನು ಅವರು ನಾಲ್ಕೈದು ಕ್ಯಾಂಪಿನಲ್ಲಿ ಹೇಳಿಕೊಂಡು ನಕ್ಕರು.

ಇಂಥವನ್ನೆಲ್ಲ ಬರೆದಿಡಲು ಅವರದೊಂದು ಸ್ವಂತ ನೋಟುಬುಕ್ಕಿತ್ತು. ತಪಾಸಣೆಯ ರಿಜಿಸ್ಟರಿನ ಹಾಗೆಯೇ ಅದರಲ್ಲೂ ಗೆರೆ ಎಳೆದಿದ್ದರು. ವಸ್ತು: ಸೂರ್ಯನ ಹೊರಗಾಳಿ. ದೋಷ: ಮೈಗಿಂತ ಬಿಸಿ. ಕಾರಣ: ತಿಳಿದುಬಂದಿಲ್ಲ. ವಸ್ತು: ನಕ್ಷತ್ರಗಳ ಗುಂಪು. ದೋಷ: ತೂಕಕ್ಕೆ ಮೀರಿದ ವೇಗ. ಕಾರಣ: ತಿಳಿದುಬಂದಿಲ್ಲ. "ಇದು ಸೋತವರ ಮಾತಲ್ಲಪ್ಪ" ಎಂದು ನನಗೆ ತೋರಿಸಿ ಹೇಳಿದ್ದರು. "ಎಲ್ಲಾ ಹುಡುಕಿ, ಎಲ್ಲಾ ತೂಗಿ, ಆಮೇಲೆ ಗೊತ್ತಿಲ್ಲ ಅಂತ ಬರೀತಾರಲ್ಲ, ಅದಕ್ಕಿಂತ ಪ್ರಾಮಾಣಿಕ ಮಾತು ಕಾಗದದ ಮ್ಯಾಲೆ ಇಲ್ಲ."

ಇನ್ನು ನನ್ನ ಪಾಲಿನ ಕಥೆ. ಎಂಬತ್ತರ ದಶಕದ ಮೊದಲಲ್ಲಿ ಒಂದು ಆಯುಧಪೂಜೆ. ಸಂತೇಬೆನ್ನೂರಿನ ಕ್ಯಾಂಪು ಮುಗಿಸಿ ತಡವಾಗಿ ಬಂದವರು ಪೆಟ್ಟಿಗೆಯನ್ನು ಆಫೀಸಿಗೆ ಒಯ್ಯದೆ ಮನೆಯಲ್ಲಿಟ್ಟು, ಮರುದಿನ ಬೆಳಿಗ್ಗೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಹೊನ್ನಾಳಿಗೆ ಹೋಗಿದ್ದರು. ಪೂಜೆಯ ಹಿಂದಿನ ದಿನವದು. ಅವರ ಹೆಂಡತಿ ನನಗೆ ಮಂಡಕ್ಕಿ ಹೇಳಿದ್ದರು. ಒಯ್ದುಕೊಟ್ಟು ದುಡ್ಡು ಇಸಿದುಕೊಳ್ಳಲು ಹೋದೆ. ಆಕೆಗೆ ಎದೆಯ ಕಾಯಿಲೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಹಿತ್ತಲ ಬಚ್ಚಲುಕಲ್ಲಿನ ಮುಂದೆ ಕೂತು ಆ ಹಿತ್ತಾಳೆಯ ಕಲ್ಲುಗಳನ್ನು ಬೂದಿ ಹಾಕಿ ತಿಕ್ಕುತ್ತಿದ್ದರು.

"ನೋಡ್ರಿ ಶೇಂಗಾದೋರೇ" ಎಂದರು. ಜಗಳೂರಿನಿಂದಲೂ ನಾನು ಅವರಿಗೆ ಶೇಂಗಾದವನೇ. "ಊರ ಮಂದಿ ಕಲ್ಲೆಲ್ಲ ಇವರಿಂದ ಸರಿಯಾಗತಾವೆ, ಇವರ ಕಲ್ಲು ನೋಡಿದ್ರೆ ಮಂಕು ಹಿಡಿದು ಕೂತಾವೆ. ವರ್ಷಾ ಪೆಟ್ಟಿಗೆ ಮ್ಯಾಲೆ ಕುಂಕುಮ ಇಟ್ಟು ಮುಗಿಸ್ತಾರೆ. ಈ ಸಲನಾದ್ರೂ ತೊಳೆದು ಇಡೋಣ ಅಂತ. ಎಷ್ಟು ತಿಕ್ಕಿದ್ರೂ ಹೊಳಪೇ ಬರ್ತಿಲ್ಲ."

ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವುದು ನನ್ನ ಹುಟ್ಟುಗುಣ. "ಬೂದಿಗೆ ಏನಾಗತೈತ್ರಿ ಅಕ್ಕಾರೇ? ಹುಣಸೆಹಣ್ಣು ನೆನೆಹಾಕ್ರಿ, ಒಂದು ಹಿಡಿ ಉಪ್ಪು ಸೇರಿಸ್ರಿ, ತೆಂಗಿನನಾರು ತಗೊಂಡು ಗಟ್ಟಿಯಾಗಿ ತಿಕ್ರಿ. ನಮ್ಮನೆ ಕೊಡ ಹಂಗೇ ಹೊಳೀತಾವೆ." ಇಷ್ಟೇ ಅಲ್ಲ, ಅಂಗಡಿಗೆ ಹೋಗಿ ಹುಣಸೆಹಣ್ಣನ್ನೂ ಕಳಿಸಿದೆ.

ಮರುದಿನ ಪ್ರಸಾದಕ್ಕೆಂದು ಕರೆದಿದ್ದರು. ಅವರೂ ಹೊನ್ನಾಳಿಯಿಂದ ಆಗಷ್ಟೇ ಬಂದಿದ್ದರು. ಬಾಳೆಲೆಯ ಮೇಲೆ ಕಿಲೋದಿಂದ ಹಿಡಿದು ಚಿಕ್ಕದರವರೆಗೆ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಪ್ರತಿಯೊಂದಕ್ಕೂ ಕುಂಕುಮದ ಬೊಟ್ಟು, ಒಂದೊಂದು ಸೇವಂತಿಗೆ. ದೀಪದ ಬೆಳಕಿನಲ್ಲಿ ಹೊಸ ಬಂಗಾರದ ಹಾಗೆ ಹೊಳೆಯುತ್ತಿದ್ದವು. ಅವರು ಬಾಗಿಲಲ್ಲೇ ನಿಂತರು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು, ಇನ್ನೊಂದು ಹಾಗೆಯೇ ಇತ್ತು.

"ಹೆಂಗದಾವೆ?" ಎಂದು ಆಕೆ ಕೇಳಿದರು. ಬೆಳಿಗ್ಗೆಯಿಂದ ಇದನ್ನು ಕೇಳಲೆಂದೇ ಕಾದಿದ್ದವರ ಹಾಗಿತ್ತು ಆ ದನಿ.

ಅವರು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದು ಎಲೆಯ ಮುಂದೆ ಕೂತರು. "ಚೆನ್ನಾಗದಾವೆ. ಇವಕ್ಕೆ ಇಷ್ಟು ಹೊಳಪು ಐತೆ ಅಂತ ಇಷ್ಟು ವರ್ಷ ನನಗೇ ತಿಳೀಲಿಲ್ಲ ನೋಡು" ಎಂದರು.

ನ್ಯಾಮತಿಯ ಕ್ಯಾಂಪು ರದ್ದಾಯಿತು. ಹೊನ್ನಾಳಿಯದೂ ರದ್ದಾಯಿತು. ಕಲ್ಲುಗಳನ್ನು ತಾವೇ ಮೇಲಿನ ಕಚೇರಿಗೆ ಒಯ್ದು, ಪರೀಕ್ಷೆ ಮಾಡಿ ಎಂದು ಅರ್ಜಿ ಕೊಟ್ಟರು. ಹುಣಸೆಹುಳಿ ಹಿತ್ತಾಳೆಯ ಮೇಲುಚರ್ಮ ತಿನ್ನುತ್ತದೆ ಎನ್ನುವುದು ನನಗೆ ಆಮೇಲೆ ತಿಳಿದದ್ದು. ಒಂದು ಕಿಲೋದ ಕಲ್ಲು ಎರಡು ಮೂರು ಅಕ್ಕಿಕಾಳಿನಷ್ಟು ಕಮ್ಮಿ ಬಂತು. ನನ್ನಂಥ ಕಿರಾಣಿಯವನಿಗೆ ಅದು ಗಾಳಿಗೆ ಹಾರುವ ಲೆಕ್ಕ. ಅವರಿಗೆ ಹಾಗಲ್ಲ. ಉಸ್ತುವಾರಿ ಅವರದು, ಮನೆಯಲ್ಲಿಟ್ಟದ್ದು ತಪ್ಪು. ಮೇಲಿನ ಕಚೇರಿಯವರು ಲಿಖಿತ ಉತ್ತರ ಕೇಳಿದರು.

ಉತ್ತರ ಬರೆದ ದಿನ ನನ್ನ ಅಂಗಡಿಗೆ ಬಂದು ಜೋಳದ ಚೀಲದ ಮೇಲೆ ಕೂತರು.

"ಬಸ್ಸಿನಾಗೆ ಬಿತ್ತು ಅಂತ ಬರೀರಿ ಸಾಹೇಬ್ರೇ, ಮುಗೀತು" ಎಂದೆ. ಮತ್ತೆ ಸಲಹೆ.

"ಬಿದ್ರೆ ನೆಗ್ಗಿದ ಗುರುತಿರತೈತೆ. ಮನೆಯಾಗೆ ತೊಳೆದ್ರು ಅಂತ ಬರೆದ್ರೆ ವಿಚಾರಣೆಗೆ ಮನೆಗೆ ಬರ್ತಾರೆ. ಅವಳಿಗೆ ಗೊತ್ತಾಗತೈತೆ. ಅವಳ ಎದಿಗೆ ಅದು ಆಗಂಗಿಲ್ಲ." ಜೇಬಿನಿಂದ ಉತ್ತರದ ನಕಲು ತೆಗೆದು, "ಕಾರಣ ತಿಳಿದುಬಂದಿಲ್ಲ ಅಂತ ಬರೆದೀನಿ" ಎಂದರು. "ಆ ಸೂರ್ಯನ್ನ ನೋಡೋರೂ ಅದನ್ನೇ ಬರೀತಾರೆ. ಅವರು ನಿಜ ಬರೀತಾರೆ. ನಾನು ಸುಳ್ಳು ಬರೆದೆ."

ಇಷ್ಟು ಹೇಳಿ ನನ್ನ ಮುಖ ನೋಡಿದರು. ಹುಣಸೆಹಣ್ಣಿನ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸರಕಾರದ ಕಲ್ಲು ಕೆಡಿಸಿದ ಕೇಸು ನನ್ನ ಅಂಗಡಿಯ ಮೇಲೆ ಬಿದ್ದರೆ ಎಂದು ಹೆದರಿ, ಗಿರಾಕಿ ಬಂದ ಹಾಗೆ ಎದ್ದು ಬೆಲ್ಲದ ಡಬ್ಬಿ ಸರಿಸಿದೆ.

ಅವರಿಗೆ ಬರಬೇಕಿದ್ದ ಬಡ್ತಿ ಕಿರಿಯರೊಬ್ಬರಿಗೆ ಹೋಯಿತು. ಅದಕ್ಕೆ ಅವರು ಕೊರಗಲಿಲ್ಲ. ಆದರೆ ನೋಟುಬುಕ್ಕಿನಲ್ಲಿ ಬರೆಯುವುದು ನಿಂತಿತು, ಕ್ಯಾಂಪಿನಲ್ಲಿ ಮಾತೂ ನಿಂತಿತು. ಹೊನ್ನಾಳಿಯ ಬೆಲ್ಲದವನು, "ಸಾಹೇಬ್ರೇ, ಆಕಾಶದ ಬಾಕಿ ತೂಕ ಸಿಕ್ತಾ?" ಎಂದು ಕೆಣಕಿದರೆ, "ನಿನ್ನ ಕಲ್ಲು ತೆಗಿಯಪ್ಪ" ಎಂದರು, ಅಷ್ಟೇ. ಬೆಲ್ಲದವನು ನನ್ನನ್ನು ಪಕ್ಕಕ್ಕೆ ಕರೆದು, "ಏನಾಗೈತೋ ಇವರಿಗೆ? ಬೈದಿದ್ರೂ ಬೇಕಿತ್ತು" ಎಂದ.

ಮುಂದಿನ ವರ್ಷದ ಆಯುಧಪೂಜೆಗೆ ಆಕೆ ಹಾಸಿಗೆ ಹಿಡಿದಿದ್ದರು. ಅವರು ನನ್ನಲ್ಲಿಗೆ ಬಂದು, ಏಲಕ್ಕಿ ಲವಂಗ ತೂಗಲು ಇಟ್ಟುಕೊಂಡಿದ್ದ ನನ್ನ ಹಿತ್ತಾಳೆಯ ಕಲ್ಲುಗಳನ್ನು ಕೇಳಿದರು. "ಕಲ್ಲು ತರ್ರಿ, ತೊಳೀತೀನಿ ಅಂತಾಳೆ. ಒಂದು ದಿನದ ಮಟ್ಟಿಗೆ ಕೊಡು." ಹೊಸ ಸರಕಾರಿ ಕಲ್ಲನ್ನು ಮುಟ್ಟಿಸುವಂತಿಲ್ಲ, ತೊಳೆಯಬೇಡ ಎನ್ನುವಂತೆಯೂ ಇಲ್ಲ. ಆಕೆ ಗೋಡೆಗೆ ಒರಗಿ ಕೂತು ನನ್ನ ಕಲ್ಲುಗಳನ್ನು ತೊಳೆದರಂತೆ. ಮೂರನೆಯ ದಿನ ಅವರು ಅವನ್ನು ತಂದು, ಅಂಗಡಿಯ ಮುಂದೆಯೇ ತೂಗಿ, ಎರಡಕ್ಕೆ ಹೊಸದಾಗಿ ಸೀಸ ತುಂಬಿಸಿ, ಸೀಲು ಹೊಡೆದು ಕೊಟ್ಟರು. ಸಂಕ್ರಾಂತಿಗೆ ಮೊದಲೇ ಆಕೆ ತೀರಿಕೊಂಡರು.

ಕೆಲಸದಿಂದ ತೆಗೆದ ಕಲ್ಲನ್ನು ಯಾರೂ ಮತ್ತೆ ತೂಕಕ್ಕೆ ಬಳಸದ ಹಾಗೆ ಅದರ ಮೇಲೆ ಉಳಿಯಿಂದ ಅಡ್ಡಗೆರೆ ಹೊಡೆಯಬೇಕು. ಆಮೇಲೆಯೇ ಹರಾಜು. ಹೊಡೆಯಬೇಕಾದವರು ಇನ್ಸ್‌ಪೆಕ್ಟರೇ. ಆ ದಿನ ನಾನು ಲೈಸೆನ್ಸಿನ ಕೆಲಸಕ್ಕೆ ಹೋಗಿ ಅಲ್ಲೇ ಇದ್ದೆ. ಚರ್ಮದ ತುಂಡಿನಲ್ಲಿ ಕಲ್ಲು ಹಿಡಿದು ಉಳಿ ಇಟ್ಟರು. ಮೊದಲ ಏಟು ಜಾರಿತು. ಎರಡನೆಯದೂ ಜಾರಿತು. ಮೂರನೆಯದಕ್ಕೆ ಗೆರೆ ಬಿತ್ತು. ಆಕೆಯ ಕೈ ತೊಳೆದಿದ್ದ ಅವರ ಕಲ್ಲು ಅದು. ಇಲಾಖೆಯವರು ಹರಾಜಿನಲ್ಲಿ ಕೂಗುವಂತಿಲ್ಲ. "ಗುರುವಾರ ಹರಾಜು ಐತೆ" ಎಂದರು, ಗೋಡೆ ನೋಡಿಕೊಂಡು. ಅವರು ತಮಗೆಂದು ನನ್ನಲ್ಲಿ ಏನನ್ನಾದರೂ ಕೇಳಿದ್ದು ಎಂದರೆ ಅದೊಂದೇ.

ಕೊಂಡು ಒಯ್ದರೆ ಇಸಿದುಕೊಳ್ಳಲಿಲ್ಲ.

"ನಾನಿನ್ನೂ ಕೆಲಸದಾಗೆ ಇದೀನಪ್ಪ. ನೀನು ನನ್ನ ಸುತ್ತಿನ ವ್ಯಾಪಾರಿ."

"ಮಾರತೀನಿ, ತಗೊಳ್ರಿ. ನೂರ ಎಪ್ಪತ್ತೇ ಕೊಡ್ರಿ, ಒಂದು ಪೈಸೆ ಬಿಡಂಗಿಲ್ಲ."

"ನಾನೇ ನಿನ್ನ ಕೈಯಾಗೆ ಕೂಗಿಸಿದಂಗೆ ಆಗತೈತೆ. ರಿಟೈರ್ ಆದಮ್ಯಾಲೆ ತಂದುಕೊಡು."

ನಾಲ್ಕು ವರ್ಷದ ಮೇಲೆ ನಿವೃತ್ತರಾಗಿ ನ್ಯಾಮತಿಯಲ್ಲಿ ತಮ್ಮನ ಮನೆಯ ಮುಂಭಾಗದ ಕೋಣೆಗೆ ಹೋದರು. ಚನ್ನಗಿರಿಯಿಂದ ಹೊನ್ನಾಳಿಗೊಂದು ಬಸ್ಸು, ಅಲ್ಲಿಂದ ನ್ಯಾಮತಿಗೊಂದು. ನಾನು ಹೋಗಲು ಒಂದು ವರ್ಷ ತೆಗೆದುಕೊಂಡೆ. ಮೆಕ್ಕೆಜೋಳದ ಖರೀದಿ ಎಂದೆ, ಗೋದಾಮಿನ ಶೀಟು ಎಂದೆ, ಆ ಕಡೆ ಬೇರೆ ಕೆಲಸ ಬಿದ್ದಾಗ ಎರಡೂ ಒಟ್ಟಿಗೆ ಮುಗಿಸೋಣ ಎಂದೆ. ನಿಜ ಏನೆಂದರೆ, ಕಲ್ಲು ಕೊಡುವಾಗ ಹುಣಸೆಹಣ್ಣಿನ ವಿಷಯವನ್ನೂ ಹೇಳಬೇಕಿತ್ತು.

ಕಡೆಗೆ ಒಂದು ಮಧ್ಯಾಹ್ನ ಹೋದೆ. ತೀರ ಇಳಿದುಹೋಗಿದ್ದರು. ಬಟ್ಟೆಯ ಗಂಟು ಬಿಚ್ಚಿ ಕಲ್ಲನ್ನು ಮುಂದಿಟ್ಟೆ. ತಲೆ ಬಗ್ಗಿಸಿಕೊಂಡು ಎಲ್ಲವನ್ನೂ ಹೇಳಿದೆ.

"ಗೊತ್ತಿತ್ತು" ಎಂದರು. "ಪೂಜೆ ದಿನವೇ ಅವಳು ಹೇಳಿದ್ಲು. ಶೇಂಗಾದೋರು ಹೇಳಿಕೊಟ್ರು, ಹಣ್ಣೂ ಅವರೇ ಕಳಿಸಿದ್ರು ಅಂತ."

"ನನ್ನ ಮ್ಯಾಲೆ ಬರೀಬೇಕಿತ್ತು ನೀವು."

"ನಿನ್ನ ಹೆಸರು ಬರೆದ್ರೆ ಅವಳ ಹೆಸರೂ ಬರೆದಂಗೇ."

ಆಮೇಲೆ ಆ ಕಲ್ಲನ್ನು ಎತ್ತಿಕೊಂಡರು. ಬರಿಗೈಯಲ್ಲಿ. ಹೆಬ್ಬೆರಳಿನಿಂದ ಅದರ ಮೈ ಸವರಿದರು. "ಕೈ ಜಿಡ್ಡು ಹತ್ತತೈತಲ್ರಿ" ಎಂದೆ, ಬಾಯಿತಪ್ಪಿ. "ಹತ್ತಲಿ. ಅವಳು ತೆಗೆದದ್ದನ್ನ ನಾನು ತುಂಬತೀನಿ" ಎಂದು ನಕ್ಕರು. 

ಅವತ್ತು ಅವರಿಗೆ ಮಾತು ಮರಳಿ ಬಂತು. ಪ್ಯಾರಿಸ್ಸಿನ ಅಣ್ಣತಮ್ಮಂದಿರನ್ನು ನಲವತ್ತು ವರ್ಷದ ಮೇಲೆ ಮತ್ತೆ ಹೊರಗೆ ತೆಗೆದು ತೂಗುತ್ತಿದ್ದಾರಂತೆ, ಫಲಿತಾಂಶಕ್ಕೆ ವರ್ಷಗಳೇ ಹಿಡಿಯಬಹುದಂತೆ. "ಆ ಅಜ್ಜಿ ಇದ್ದಿದ್ರೆ ಹೇಳಬೇಕಿತ್ತು" ಎಂದರು. ಸೂರ್ಯನ ಬಿಸಿಯ ಹೊಸ ಊಹೆಯೊಂದನ್ನು ಹೇಳಿದರು. ಅದರ ನಡುವೆಯೇ ಹೆಂಡತಿಯ ಸುದ್ದಿ ತೆಗೆದರು. ಆಕೆ ಜಗಳೂರಿನಲ್ಲಿ ನನ್ನ ಶೇಂಗಾವನ್ನು ಮನೆಯಲ್ಲಿ ಮತ್ತೊಮ್ಮೆ ತೂಗಿ ನೋಡುತ್ತಿದ್ದರಂತೆ. ಒಂದು ಸಲವೂ ಕಮ್ಮಿ ಬರಲಿಲ್ಲವಲ್ಲ ಎಂದು ಬೇಸರಪಡುತ್ತಿದ್ದರಂತೆ. ನಗುತ್ತಲೇ ಇದ್ದವರು ತಟ್ಟನೆ ಹೇಳಿದರು:

"ಇಷ್ಟು ವರ್ಷ ಈ ಸುದ್ದಿ ಯಾರ ಹತ್ರನೂ ಆಡಾಕೆ ಆಗಲಿಲ್ಲ. ಅವತ್ತು ಆ ಮನೆಯಾಗೆ ಏನಾತು ಅಂತ ಗೊತ್ತಿದ್ದವನು ನೀನೊಬ್ಬನೇ. ನೀನೂ ಸುಮ್ಮನಿದ್ದೆ."

ಅಷ್ಟರಲ್ಲಿ ಗೋಡೆಯ ಗಡಿಯಾರ ಐದು ಹೊಡೆಯಿತು. ಐದೂಕಾಲಿನ ಬಸ್ಸು ತಪ್ಪಿದರೆ ಹೊನ್ನಾಳಿಯಲ್ಲಿ ಚನ್ನಗಿರಿಯದು ಸಿಗುವುದಿಲ್ಲ. ಎದ್ದೆ. ಅವರು ಆಕೆಯ ತವರಿನ ಯಾವುದೋ ಮಾತು ಶುರು ಮಾಡಿದ್ದರು. "ಮುಂದಿನ ಸಲ ಪೂರ್ತಿ ಕೇಳತೀನ್ರಿ" ಎಂದು ಕೈಮುಗಿದು ಓಡಿದೆ. ಹತ್ತೊಂಬತ್ತನೆಯ ದಿನ ಅವರ ತಮ್ಮನಿಂದ ಸಾವಿನ ಕಾರ್ಡು ಬಂತು. ಒಂದು ವರ್ಷ ಆಡಬಹುದಾಗಿದ್ದ ಮಾತಿಗೆ ನಾನು ಅವರಿಗೆ ಎರಡು ಗಂಟೆ ಕೊಟ್ಟು, ಅದರಲ್ಲೂ ಕಾಲು ಗಂಟೆ ಉಳಿಸಿಕೊಂಡು ಬಂದಿದ್ದೆ.

ಓದುವ ನಿಮಗೆ ನನ್ನ ಸಲಹೆ ಇಷ್ಟು. ತಪ್ಪು ಒಪ್ಪಿಕೊಳ್ಳಲು ಯಾರ ಮನೆಗಾದರೂ ಹೋಗಬೇಕಾಗಿದ್ದರೆ ಅದೇ ವಾರ ಹೋಗಿ, ಆ ಕಡೆ ಬೇರೆ ಕೆಲಸ ಬೀಳಲಿ ಎಂದು ಕಾಯಬೇಡಿ. ಕೂರುವ ಮೊದಲೇ ಹೇಳಿಬಿಡಿ. ಕಾಫಿ ಕುಡಿದರೆ ಧೈರ್ಯ ಇಳಿಯುತ್ತದೆ. ಬೆಳಗಿನ ಬಸ್ಸಿಗೇ ಹೊರಡಿ, ಒಂದು ಜೊತೆ ಬಟ್ಟೆ ಚೀಲದಲ್ಲಿರಲಿ. ವಾಪಸ್ ಬಸ್ಸು ಎಷ್ಟು ಗಂಟೆಗೆ ಎಂದು ಮಾತ್ರ ಯಾರನ್ನೂ ಕೇಳಬೇಡಿ.